ಏನಾಯ್ತು ಅಂತ ಕೇಳುವವರು

ನಮ್ಮೂರಲ್ಲಿ ಯಾರೂ ಯಾರನ್ನೂ "ಏನಾಯ್ತು?" ಅಂತ ಕೇಳುವುದಿಲ್ಲ. ಸೈಕಲ್ಲಿನಿಂದ ಬಿದ್ದವನನ್ನು ಜನ ಎತ್ತಿ ಕೂರಿಸುತ್ತಾರೆ, ನೀರು ಕೊಡುತ್ತಾರೆ, ಸೊಟ್ಟಗಾದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿಕೊಡುತ್ತಾರೆ. ಕೇಳುವುದೊಂದು ಬಿಟ್ಟು ಎಲ್ಲ ಮಾಡುತ್ತಾರೆ. ಕೇಳಿದರೆ ಬಿದ್ದವನ ಮೊಣಕಾಲಿನ ನೋವು ಕೇಳಿದವನ ಮೊಣಕಾಲಿಗೆ ಬಂದುಬಿಡುತ್ತದೆ. ಬಿದ್ದವನು ಹಾಯಾಗಿ ಸೈಕಲ್ ಹತ್ತಿ ಹೋಗುತ್ತಾನೆ, ಕೇಳಿದವನು ಕುಂಟುತ್ತಾ ಮನೆಗೆ ಹೋಗಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾನೆ. ಅದಕ್ಕೇ ನಮ್ಮಲ್ಲಿ ಸೌಜನ್ಯಕ್ಕೆ ಕೇಳುವ ಮಾತೆಂದರೆ "ಊಟ ಆಯ್ತಾ?" ಒಂದೇ. ಅದರಿಂದ ಇದುವರೆಗೆ ಯಾರಿಗೂ ಏನೂ ಅಂಟಿಕೊಂಡಿಲ್ಲ.

ಹಾಗಂತ ನಮ್ಮ ಜನಕ್ಕೆ ಕರುಣೆ ಇಲ್ಲ ಅಂತಲ್ಲ. ಮದುವೆಯಾದ ಹೊಸದರಲ್ಲಿ ಗಂಡನಾದವನು ಹೆಂಡತಿಯ ತಲೆನೋವನ್ನು ಒಮ್ಮೆಯಾದರೂ ಕೇಳಿ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಮಾವನ ಮನೆಯಲ್ಲಿ ಅವನಿಗೆ ಮರ್ಯಾದೆಯಿಲ್ಲ. ಹಬ್ಬದ ದಿನ ಅಜ್ಜಿಯ ಮಂಡಿನೋವನ್ನು ಮೊಮ್ಮಕ್ಕಳು ಸರದಿಯ ಮೇಲೆ ಎತ್ತಿಕೊಳ್ಳುತ್ತಾರೆ, ಮಕ್ಕಳ ಮೈಗೆ ನೋವು ಹತ್ತುವುದೂ ನಿಧಾನ. ಅಜ್ಜಿ ಅಷ್ಟು ಹೊತ್ತು ಆರಾಮವಾಗಿ ಹೋಳಿಗೆ ಲಟ್ಟಿಸುತ್ತಾಳೆ. ಹಬ್ಬ ಮುಗಿದ ಮೇಲೆ ಎತ್ತಿಕೊಂಡ ಮಗು "ಸಂಧಿವಾತ" ಅಂದರೆ ಸಾಕು, ನೋವು ಇಳಿದುಹೋಗುತ್ತದೆ. ಎತ್ತಿಕೊಂಡ ನೋವನ್ನೇ ನೆನೆದು ರೋಗದ ಸರಿಯಾದ ಹೆಸರು ಹೇಳಿದರೆ ಮಾತ್ರ ಹೋಗುತ್ತದೆ, ಹೆಸರು ತಪ್ಪಿದರೆ ಕೂತಲ್ಲೇ ಕೂತಿರುತ್ತದೆ. ಸ್ವಂತ ನೋವಿಗೆ ಈ ಉಪಾಯ ನಡೆಯದು. ಅಜ್ಜಿಗೆ ನಾಳೆ ಮತ್ತೆ ಹೊಸದಾಗಿ ಹುಟ್ಟುತ್ತದೆ ಅನ್ನಿ, ಮಂಡಿ ಹಳೆಯದೇ ಅಲ್ಲವೇ. ಸಾವಿನ ಮನೆಗೆ ಮಾತ್ರ ಯಾರೂ ಈ ಪ್ರಶ್ನೆ ತೆಗೆದುಕೊಂಡು ಹೋಗುವುದಿಲ್ಲ. ಅಲ್ಲಿ ಏನು ಬರುತ್ತದೋ, ಎಷ್ಟು ಬರುತ್ತದೋ ಎಂಬ ಭಯ. ಅನ್ನ ಸಾರು ಮಾಡಿ ಕೊಟ್ಟು, ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಎದ್ದು ಬರುತ್ತಾರೆ.

ಇಂಥ ಊರಲ್ಲಿ ಸಂಬಳ ತೆಗೆದುಕೊಂಡು "ಏನಾಯ್ತು?" ಅಂತ ಕೇಳುವವರು ನಾವು, ದೊಡ್ಡಾಸ್ಪತ್ರೆಯ ತುರ್ತು ವಿಭಾಗದವರು. ನನ್ನ ಹೆಸರು ಕಾತ್ಯಾಯಿನಿ, ಆ ವಿಭಾಗದ ಮುಖ್ಯಸ್ಥೆ. ಎಂಬಿಬಿಎಸ್ ಮುಗಿಸಿ ತುರ್ತು ಚಿಕಿತ್ಸೆಯಲ್ಲೇ ಮುಂದೆ ಓದಬೇಕೆಂದು ಬರುವ ಹುಡುಗ ಹುಡುಗಿಯರನ್ನು ನಾವು ಪಿಜಿಗಳು ಅನ್ನುತ್ತೇವೆ. ಮೂರು ವರ್ಷ ಅವರನ್ನು ತಿದ್ದಿ ತೀಡುವುದು ನನ್ನ ಕೆಲಸ. ಮೊದಲನೇ ವರ್ಷ ನೋವನ್ನು ನಿಂತುಕೊಂಡೇ ಎತ್ತಿಕೊಳ್ಳುವುದನ್ನು ಕಲಿಸುತ್ತೇನೆ. ಬಂದ ಹೊಸದರಲ್ಲಿ ಎಲ್ಲರೂ ರೋಗಿಯ ಪಕ್ಕದಲ್ಲೇ ಉರುಳಿಬಿಡುತ್ತಾರೆ, ಆಗ ರೋಗಿಯೇ ಎದ್ದು ಡಾಕ್ಟರಿಗೆ ಗಾಳಿ ಹಾಕಬೇಕಾಗುತ್ತದೆ. ಎರಡನೇ ವರ್ಷ ಬಂದ ನೋವಿಗೆ ಹೆಸರು ಹುಡುಕುವುದು. ಮೂರನೇ ವರ್ಷ ಬೇಗ ಹೆಸರು ಹೇಳಿ ಇಳಿಸಿ, ಇನ್ನೊಬ್ಬರ ನೋವಿಗೆ ಜಾಗ ಮಾಡಿಕೊಳ್ಳುವುದು. ಯಾಕೆಂದರೆ ಒಂದು ಮೈಯಲ್ಲಿ ಒಂದೇ ನೋವು ಹಿಡಿಯುತ್ತದೆ. ಒಂದನ್ನು ಇಳಿಸದೆ ಇನ್ನೊಂದು ಬರುವುದಿಲ್ಲ. ಮೈಗಳ್ಳ ಪಿಜಿಗಳು ಡ್ಯೂಟಿಗೆ ಬರುವ ಮೊದಲು ಪಕ್ಕದ ಮನೆಯವರ ಹಲ್ಲುನೋವನ್ನು ಕೇಳಿ ಎತ್ತಿಕೊಂಡು, ಹೆಸರು ಹೇಳದೆ ಹಾಗೇ ಇಟ್ಟುಕೊಂಡು ಬರುತ್ತಾರೆ. "ಮೇಡಂ, ನಾನು ಆಗಲೇ ಫುಲ್" ಅನ್ನುತ್ತಾರೆ. ನಾನು ಅವರ ಗಲ್ಲ ನೋಡಿಯೇ ಯಾವ ಹಲ್ಲು, ಅದಕ್ಕೇನು ರೋಗ ಎರಡೂ ಹೇಳಿ ಖಾಲಿ ಮಾಡಿಸಿ ಕೆಲಸಕ್ಕೆ ಹಚ್ಚುತ್ತೇನೆ.

ನೋವು ಬರುವ ಜಾಗದಲ್ಲೇ ರೋಗ ಇರುತ್ತದೆಂದು ನಂಬಬೇಡಿ ಅಂತ ಗಂಟಲು ಹರಿದುಕೊಂಡು ಪಾಠ ಮಾಡುತ್ತೇನೆ. ಅದು ಪಕ್ಕದ ಮನೆಗೆ ಹೋದ ಟಪಾಲಿದ್ದ ಹಾಗೆ. ಹೃದಯ ಕೆಟ್ಟರೆ ದವಡೆ ನೋಯಬಹುದು. ಪಿತ್ತಕೋಶ ಕೆಟ್ಟರೆ ಬೆನ್ನು. ಹೊಟ್ಟೆಯೊಳಗೆ ರಕ್ತ ಸೋರಿದರೆ ಹೆಗಲ ತುದಿ. ಎಲ್ಲ ಬರೆದುಕೊಳ್ಳುತ್ತಾರೆ, ಎಲ್ಲ ಮರೆಯುತ್ತಾರೆ. ಹೆಸರು ಸಿಗದೆ ಒದ್ದಾಡುವವರು ಕೈ ಎತ್ತುತ್ತಾರೆ. ಆಗ ನಾನು ಅವರನ್ನು "ಏನಾಯ್ತು?" ಅಂತ ಕೇಳಿ ಆ ನೋವನ್ನು ನನ್ನ ಮೇಲೆ ತೆಗೆದುಕೊಂಡು ಹೆಸರು ಹೇಳುತ್ತೇನೆ. ಕೈ ಎತ್ತದವರನ್ನು ಮೇಷ್ಟರಾದವರು ಕೇಳಬಾರದು, ಕೇಳಿದರೆ ಅವರು ಕಲಿಯುವುದಿಲ್ಲ, ಅದು ನಮ್ಮ ವಿಭಾಗದ ಕಟ್ಟಳೆ. ರೋಗಿ ಕೈತಪ್ಪಿ ಹೋದರೂ ಎತ್ತಿಕೊಂಡ ನೋವು ಹೋಗುವುದಿಲ್ಲ. ಅದಕ್ಕಾಗಿಯೇ ಸೋಮವಾರದ ಸಭೆ. ಒಮ್ಮೆ ಇಮ್ತಿಯಾಜ್ ಎಂಬ ನಮ್ಮ ಪಿಜಿ ತೀರಿಹೋದವರೊಬ್ಬರ ಎದೆನೋವನ್ನು ಹೊತ್ತುಕೊಂಡೇ ಆ ಸಭೆಗೆ ಬಂದು ಕೂತ. ಸುತ್ತ ಕೂತ ನಾವೆಲ್ಲ ಒಂದೊಂದೇ ಹೆಸರು ಹೇಳುತ್ತಾ ಹೋದೆವು. ಯಾರೋ "ಮಹಾಧಮನಿ ಸೀಳಿದ್ದು" ಅಂದಾಗ ಅವನ ಮುಖ ಸಡಿಲವಾಯಿತು. ಆಮೇಲೆ ಅವನು ಅತ್ತ, ನಾವು ಬೋಂಡ ತರಿಸಿದೆವು.

ಇದೇ ಇಮ್ತಿಯಾಜನ ಜೊತೆಯವಳು ಭುವನಾ. ನದಿಯ ಆಚೆ ದಡದ ಹುಡುಗಿ. ಸಣ್ಣ ಆಳು, ಚುರುಕು ಕಣ್ಣು. ನಡೆಯುವಾಗ ಎಡ ಹೆಗಲನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡೇ ನಡೆಯುವ ಅಭ್ಯಾಸ. "ಹೆಗಲ ಮೇಲೆ ಗಿಳಿ ಕೂರಿಸ್ಕೊಂಡಿದೀಯೇನೇ, ನೆಟ್ಟಗೆ ನಿಂತ್ಕೋ" ಅಂತ ನಾನು ಹೋಗಿ ಬಂದು ರೇಗಿಸುತ್ತಿದ್ದೆ. ನಗುತ್ತಿದ್ದಳು, ಹೆಗಲು ಇಳಿಸುತ್ತಿದ್ದಳು, ಸ್ವಲ್ಪ ಹೊತ್ತಿಗೆ ಅದು ತಾನೇ ಮೇಲೇರುತ್ತಿತ್ತು. ಕೆಲಸದಲ್ಲಿ ಮಾತ್ರ ಬೆರಳು ತೋರಿಸುವ ಹಾಗಿರಲಿಲ್ಲ. ರೋಗಿ ಬಂದನೋ, ಹೋಗಿ ಕೇಳುತ್ತಿದ್ದಳು, ತುಟಿ ಕಚ್ಚಿ ಸಣ್ಣಗೆ ನರಳುತ್ತಿದ್ದಳು, ಹೆಸರು ಹೇಳುತ್ತಿದ್ದಳು, ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಇಷ್ಟು ಲಕ್ಷಣವಾಗಿ ನೋವು ತಿನ್ನುವ ಹುಡುಗಿಯನ್ನು ನಾನು ನೋಡಿರಲಿಲ್ಲ.

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ನಮ್ಮ ಸಿಸ್ಟರ್ ಫ್ಲೋರಿನ್ ಔಷಧಿ ಕಪಾಟಿನ ಕೀಲಿಕೈ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. "ಮೇಡಂ, ನೋವು ಮರೆಸುವ ಇಂಜೆಕ್ಷನ್ ಮತ್ತೆ ಖಾಲಿ. ನಮ್ಮಲ್ಲಿ ಅದನ್ನು ಮುಟ್ಟುವವರೇ ಇರಲಿಲ್ಲ. ಪಿಜಿಗಳೆಲ್ಲ ಫುಲ್ ಆದಾಗ ಒಂದೋ ಎರಡೋ ಹೋಗುತ್ತಿತ್ತು. ಭುವನಾ ಡಾಕ್ಟರು ಬಂದಾಗಿನಿಂದ ಹೆಚ್ಚಾಗುತ್ತಾ ಬಂದು, ಈಗ ಅವರ ಡ್ಯೂಟಿ ಇದ್ದರೆ ಸಾಕು, ಡಬ್ಬಿ ಡಬ್ಬಿ ಹೋಗುತ್ತದೆ." ನಾನು ನಂಬಲಿಲ್ಲ. ಮಾರನೆಯ ದಿನ ಪರದೆಯ ಹಿಂದೆ ನಿಂತು ನೋಡಿದೆ. ಕೈ ಸುಟ್ಟುಕೊಂಡ ಹೋಟೆಲಿನವನೊಬ್ಬ ಬಂದ. ಭುವನಾ ಮೊದಲು ಅವನಿಗೆ ಇಂಜೆಕ್ಷನ್ ಚುಚ್ಚಿದಳು, ಅದು ಹಿಡಿಯುವವರೆಗೆ ಅವನ ಹೋಟೆಲಿನ ದೋಸೆಯ ಸುದ್ದಿ ಮಾತಾಡಿಸಿದಳು, ಅವನ ಹುಬ್ಬು ಸಡಿಲವಾದದ್ದೇ "ಏನಾಯ್ತಣ್ಣ?" ಅಂತ ಕೇಳಿ, ತನ್ನ ಕೈ ಹಿಡಿದುಕೊಂಡು ನರಳಿದಳು. ಅವನು ಪಾಪ ಕೈ ಮುಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ ನನ್ನ ಕಣ್ಣಿಗೇ ಮಣ್ಣೆರಚಿದ್ದಳು.

ಕ್ಯಾಂಟೀನಿನ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದೆ. "ನಿನಗೆ ನೋವು ಬರೋದೇ ಇಲ್ಲ, ಅಲ್ವಾ?" ಅಂದೆ. ಅವಳು ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. "ಇಲ್ಲ ಮೇಡಂ. ಯಾರದ್ದೂ ಬರಲ್ಲ. ಒಂದು ಸಲಾನೂ ಬಂದಿಲ್ಲ."

"ಮತ್ತೆ ಇಷ್ಟೊಂದು ವಿಭಾಗ ಇರೋವಾಗ ಇಲ್ಲಿಗೇ ಯಾಕೆ ಬಂದೆ?"

ಅವಳು ಲೋಟವನ್ನು ಕಟ್ಟೆಯ ಅಂಚಿನಿಂದ ಒಳಕ್ಕೆ ಸರಿಸಿದಳು. ಆಮೇಲೆ ಹೇಳಿದಳು. ಅವಳು ಸಣ್ಣವಳಿದ್ದಾಗ ಒಂದು ಬೆಳಿಗ್ಗೆ ಅವರಮ್ಮ ಹೊಟ್ಟೆ ಹಿಡಿದುಕೊಂಡು ಬಿದ್ದರಂತೆ. ಅಪ್ಪ ದೋಣಿಯವನನ್ನು ಕರೆತರಲು ನದಿಯ ಕಡೆಗೆ ಓಡಿದರಂತೆ. ಮನೆಯಲ್ಲಿದ್ದವಳು ಇವಳೊಬ್ಬಳೇ. "ಕೇಳಬಾರದು ಅಂತ ಅಮ್ಮನೇ ಹೇಳಿಕೊಟ್ಟಿದ್ಲು. ಆದ್ರೂ ಕೇಳಿದೆ ಮೇಡಂ. ಏನಾಯ್ತಮ್ಮಾ ಅಂದೆ. ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ್ಲು. ಆಮೇಲೆ ನಕ್ಕು, ಇಳೀತು ಕಂದ, ಹೋಗು ಆಟ ಆಡ್ಕೋ ಅಂದ್ಲು. ನಾನು ಎಲ್ಲೂ ಹಿಡ್ಕೊಂಡು ಬೀಳಲಿಲ್ಲ, ಚೆನ್ನಾಗೇ ಇದ್ದೆ. ಅಂಗಳಕ್ಕೆ ಹೋದೆ. ಅಪ್ಪ ದೋಣಿಯವನ ಜೊತೆ ಬರೋ ಹೊತ್ತಿಗೆ ಅಮ್ಮ ಇರಲಿಲ್ಲ. ಅಪೆಂಡಿಕ್ಸ್ ಒಡೆದಿರಬೇಕು ಅಂತ ಎಲ್ರೂ ಅಂದ್ರು. ನಾನೂ ಓದಿದ ಮೇಲೆ ಹಾಗೇ ಅಂದ್ಕೊಂಡೆ." ಲೋಟದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. "ನನಗೆ ಬರಲ್ಲ ಅಂತ ಆಮೇಲೆ ಗೊತ್ತಾಯ್ತು. ಸ್ಕೂಲಲ್ಲಿ ಯಾರನ್ನು ಕೇಳಿದ್ರೂ ಬರ್ತಿರಲಿಲ್ಲ. ಅಂದ್ರೆ ಅಮ್ಮ ಸುಳ್ಳು ಹೇಳಿದ್ಲು. ಅಷ್ಟು ನೋವಲ್ಲೂ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ಲು. ಒಬ್ಬರಿಗಾದ್ರೂ ನಿಜವಾಗಿ ಇಳಿಸಬೇಕು ಅಂತ ಇಲ್ಲಿಗೆ ಬಂದೆ."

ಕಾಲೇಜಿನ ನಿಯಮದ ಪ್ರಕಾರ ನೋವು ಬಾರದ ಪಿಜಿಯನ್ನು ನಾನು ಅವತ್ತೇ ರಕ್ತ ಮೂತ್ರ ಪರೀಕ್ಷಿಸುವ ಪ್ರಯೋಗಾಲಯದ ಕೆಲಸಕ್ಕೆ ಕಳಿಸಬೇಕಿತ್ತು. ಕಳಿಸಲಿಲ್ಲ. ಪರೀಕ್ಷೆಯವರೆಗೆ ನೋಡೋಣ ಅಂದೆ. "ಆದರೆ ಇವತ್ತಿಂದ ನಾಟಕ ಬಂದ್. ನರಳೋದು, ಕೈ ಹಿಡ್ಕೊಳ್ಳೋದು ಏನೂ ಬೇಡ. ರೋಗಿಗೆ ನಿಜ ಹೇಳು. ಬರದೇ ಇದ್ರೆ ಹೋಗಲಿ, ಕಣ್ಣಿದೆ, ಕಿವಿ ಇದೆ, ಕೈ ಇದೆ." ಹೇಳಿದೆನೇ ಹೊರತು ಹಾಗೆ ಕಲಿಸುವುದು ನನಗೇ ಗೊತ್ತಿರಲಿಲ್ಲ. ನನ್ನ ಪಾಠವೆಲ್ಲ "ಎಲ್ಲಿ ಬಂತು, ಹೇಗೆ ಬಂತು" ಎಂಬಲ್ಲಿಂದಲೇ ಶುರುವಾಗುತ್ತಿತ್ತು. ನೋವು ಕದಲದೆ ಒಬ್ಬರಲ್ಲೇ ಇರುವ ಹೊರ ಊರುಗಳ ಪುಸ್ತಕಗಳು ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ತರಿಸಿದೆವು. ಅದರಲ್ಲಿ ಒಂದು ಕಡೆ, ನಿಮ್ಮ ನೋವು ಹತ್ತಕ್ಕೆ ಎಷ್ಟು ಅಂತ ರೋಗಿಯನ್ನೇ ಕೇಳಿ ಅಂತ ಬರೆದಿತ್ತು. ನಾನೂ ಭುವನಾಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಪಾಪ, ಅಲ್ಲಿಯ ಡಾಕ್ಟರುಗಳು ಮಾರ್ಕ್ಸು ಕೇಳಿಕೊಂಡು ಬದುಕುತ್ತಾರೆ.

ಆದರೆ ಆ ಪುಸ್ತಕಗಳಲ್ಲಿ ನೋಡುವುದನ್ನು ಚೆನ್ನಾಗಿ ಬರೆದಿದ್ದರು. ರೋಗಿ ಬಾಗಿಲಿನಿಂದ ಮಂಚದವರೆಗೆ ಹೇಗೆ ನಡೆದು ಬಂದ, ಮಾತಾಡುವಾಗ ಎಲ್ಲಿ ಉಸಿರು ನಿಲ್ಲಿಸಿದ, ಉಗುರಿನ ಬಣ್ಣ ಏನು. ಭುವನಾ ಅದನ್ನೆಲ್ಲ ಹಸಿದವಳ ಹಾಗೆ ಕಲಿತಳು. ನಾನೂ ಅವಳ ಜೊತೆ ಕಲಿತೆ, ಈ ವಯಸ್ಸಿನಲ್ಲಿ. ರೋಗಿಗಳ ಹತ್ತಿರ ಹೋಗಿ "ನನ್ನಿಂದ ನೋವು ಇಳಿಯಲ್ಲ, ಇಂಜೆಕ್ಷನ್ ಕೊಡ್ತೀನಿ, ಆದರೆ ಏನಾಗಿದೆ ಅಂತ ಸರಿಯಾಗಿ ನೋಡ್ತೀನಿ" ಅನ್ನುತ್ತಿದ್ದಳು. ಕೆಲವರು ಮುಖ ಸಿಂಡರಿಸಿ ಬೇರೆ ಪಿಜಿಯನ್ನು ಕೇಳುತ್ತಿದ್ದರು. ಅವಳು ಬೇಜಾರು ಮಾಡಿಕೊಂಡು ಹೆಗಲು ಇನ್ನಷ್ಟು ಮೇಲಕ್ಕೆತ್ತಿಕೊಳ್ಳುತ್ತಿದ್ದಳು.

ಕೆಂಚಪ್ಪ ಅನ್ನುವ ನಿವೃತ್ತ ಬಸ್ ಕಂಡಕ್ಟರ್ ಬಂದದ್ದು ಆ ದಿನಗಳಲ್ಲೇ. ಸಕ್ಕರೆ ಕಾಯಿಲೆಯ ಹಳೆಯ ಗಿರಾಕಿ. "ಯಾಕೋ ಸುಸ್ತು" ಅಂದರು. ಇಮ್ತಿಯಾಜ್ "ಏನಾಯ್ತು ತಾತ?" ಅಂತ ಕೇಳಿ, ಕಾದು ನಿಂತ. ಏನೂ ಬರಲಿಲ್ಲ. ನೋವೇ ಇಲ್ಲದ ಮೇಲೆ ತುರ್ತೇನು, ಬೆಂಚಿನ ಮೇಲೆ ಕೂತಿರಿ ಅಂತ ಕಳಿಸಿದ. ನಮ್ಮೂರಿನ ಯಾವ ಡಾಕ್ಟರಾದರೂ ಹಾಗೇ ಮಾಡುತ್ತಿದ್ದರು, ನಾನೂ ಸೇರಿ. ಭುವನಾ ಹಾದುಹೋಗುವವಳು ನಿಂತಳು. ಫ್ಯಾನಿನ ಕೆಳಗೆ ಕೂತಿದ್ದ ಮುದುಕರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವರ ಕೈ ಮುಟ್ಟಿದಳು, ತಣ್ಣಗಿತ್ತು. ಯಾರನ್ನೂ ಕೇಳದೆ ಸ್ಟ್ರೆಚರ್ ತಾನೇ ತಳ್ಳಿಕೊಂಡು ಬಂದು ಇಸಿಜಿ ಮಾಡಿದಳು. ಹೃದಯಾಘಾತ. ಹಳೆಯ ಸಕ್ಕರೆ ಕಾಯಿಲೆ ಕೆಲವರಲ್ಲಿ ನೋವಿನ ಬಾಯಿಯನ್ನೇ ಕಟ್ಟಿಬಿಟ್ಟಿರುತ್ತದೆ, ಕೇಳಿದರೆ ಬರಲು ಅಲ್ಲಿ ಏನೂ ಇರುವುದಿಲ್ಲ. ಕೆಂಚಪ್ಪ ಉಳಿದುಕೊಂಡರು. ಇಮ್ತಿಯಾಜ್ ಅವತ್ತು ಮಧ್ಯಾಹ್ನ ಊಟ ಮಾಡದೆ ಕೂತಿದ್ದ, ಭುವನಾ ತನ್ನ ಡಬ್ಬಿಯ ಚಿತ್ರಾನ್ನವನ್ನು ಅವನ ಮುಂದೆ ತಳ್ಳಿ "ತಿನ್ನೋ, ನಿಂದೇನು ತಪ್ಪು" ಅಂದಳು. ಈ ಹುಡುಗಿಯನ್ನು ಬಿಟ್ಟುಕೊಡಬಾರದು ಅಂತ ನಾನು ಅವತ್ತು ಗಟ್ಟಿಮಾಡಿಕೊಂಡೆ.

ಬಿಟ್ಟುಕೊಡುವುದೂ ಉಳಿಸಿಕೊಳ್ಳುವುದೂ ನನ್ನ ಕೈಯಲ್ಲಿರಲಿಲ್ಲ. ಪರೀಕ್ಷೆಗೆ ಬಂದವರು ಡಾಕ್ಟರ್ ಗುರುಸಿದ್ದಪ್ಪ, ನನಗಿಂತ ಹಿರಿಯರು. ಪ್ರಾಯದಲ್ಲಿ ಒಂದೇ ದಿನದಲ್ಲಿ ಮೂವರ ಹೆರಿಗೆ ನೋವು ಎತ್ತಿಕೊಂಡವರು, ಆ ಕಥೆಯನ್ನು ಹೇಳದೆ ಕಾಫಿ ಕುಡಿಯುವವರಲ್ಲ. ಕೆಟ್ಟವರಲ್ಲ, ಹಳೆಯ ಕಾಲದವರು. ನಾನು ಕೆಂಚಪ್ಪನವರ ಸಂಗತಿ ಹೇಳಿದೆ, ತಲೆದೂಗಿ ಕೇಳಿಸಿಕೊಂಡರು. ಇಮ್ತಿಯಾಜ್ ಹೊಟ್ಟೆಹುಣ್ಣಿನವನೊಬ್ಬನನ್ನು ಕೇಳಿ, ಬೆವರು ಒರೆಸಿಕೊಂಡು, ಹೆಸರು ಹೇಳಿ ಪಾಸಾದ.

ಭುವನಾಳ ಪಾಲಿಗೆ ಬಂದದ್ದು ಒಬ್ಬ ಪಿ.ಟಿ. ಮೇಷ್ಟ್ರು, ಹೆಸರು ಬೋರಲಿಂಗಯ್ಯ. ಕತ್ತಿನಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ಆಟದ ಮೈದಾನದಿಂದ ನೇರವಾಗಿ ಬಂದವರು, ಬೆನ್ನಿನ ಪಕ್ಕ ಹಿಡಿದುಕೊಂಡು ಮಂಚದ ಮೇಲೆ ಉರುಳಾಡುತ್ತಿದ್ದರು. ಅವಳು ನೋಡಿದಳು, ಮುಟ್ಟಿದಳು, ಬೆನ್ನಿನ ಮೇಲೆ ಮೆಲ್ಲಗೆ ತಟ್ಟಿದಳು. ಮೂತ್ರನಾಳದಲ್ಲಿ ಕಲ್ಲು ಅಂದಳು, ಯಾವ ಪರೀಕ್ಷೆ ಮಾಡಿಸಬೇಕು, ಯಾವ ಔಷಧಿ ಬೇಕು ಎಲ್ಲವನ್ನೂ ಹೇಳಿದಳು. ಒಂದೂ ತಪ್ಪಿರಲಿಲ್ಲ.

"ಸರಿ, ಈಗ ಕೇಳಮ್ಮ" ಅಂದರು ಗುರುಸಿದ್ದಪ್ಪ.

"ಏನಾಯ್ತು ಮೇಷ್ಟ್ರೇ?" ಅಂತ ಕೇಳಿದಳು. ಕೇಳಿ ಸುಮ್ಮನೆ ನಿಂತಳು. ಮೇಷ್ಟ್ರು ಉರುಳಾಡುತ್ತಲೇ ಇದ್ದರು.

"ಇಳೀತೇನ್ರೀ?" ಅಂತ ಗುರುಸಿದ್ದಪ್ಪ ಮೇಷ್ಟ್ರನ್ನು ಕೇಳಿದರು. "ಎಲ್ಲಿ ಸಾರ್, ಹಂಗೇ ಅದೆ" ಅಂದರು ಅವರು, ಹಲ್ಲು ಕಚ್ಚಿಕೊಂಡು.

ಗುರುಸಿದ್ದಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಬುದ್ಧಿವಂತೆ, ಕಾತ್ಯಾಯಿನಿಯವರೇ. ನನ್ನ ಮಗಳಾಗಿದ್ದರೆ ಹೆಮ್ಮೆ ಪಡ್ತಿದ್ದೆ. ಆದರೆ ನಮ್ಮ ಜನ ಇಲ್ಲಿಗೆ ಬರೋದು ಯಾಕೆ ಹೇಳಿ? ಹೊರಗೆ ಯಾರೂ ಕೇಳಲ್ಲ, ಇಲ್ಲಿ ಒಬ್ರಾದ್ರೂ ಕೇಳ್ತಾರೆ ಅಂತ. ಕೇಳಿದರೂ ಇಳೀಲಿಲ್ಲ ಅಂದರೆ ಅವರು ಇನ್ನೆಲ್ಲಿಗೆ ಹೋಗಬೇಕು? ಪ್ರಯೋಗಾಲಯಕ್ಕೆ ಕಳಿಸಿ, ಅಲ್ಲೂ ಒಳ್ಳೆಯವರು ಬೇಕು." ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಅವರ ಮಾತು ಸುಳ್ಳಲ್ಲ. ಅವರು ಟೀ ಕುಡಿಯಲು ಹೋದರು, ಸಹಿ ಮಾಡುವುದು ಆಮೇಲೆ ಅಂದರು.

ಪಿಜಿಗಳ ಕೋಣೆಯಲ್ಲಿ ಭುವನಾ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು. ಸ್ಟೆತಸ್ಕೋಪು, ಚಪ್ಪಲಿ, ತಲೆಗೆಣ್ಣೆಯ ಬಾಟಲಿ. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು "ಊಟ ಆಯ್ತಾ?" ಅಂದೆ. ನಮ್ಮೂರಲ್ಲಿ ಇನ್ನೇನು ಹೇಳುತ್ತಾರೆ. "ಹಸಿವಿಲ್ಲ ಮೇಡಂ" ಅಂದಳು. ಬಿಳಿ ಕೋಟನ್ನು ಮಡಿಸಲು ಬಗ್ಗಿದಳು, ಆ ಎಡ ಹೆಗಲು ಕಿವಿಯ ಹತ್ತಿರಕ್ಕೆ ಏರಿತ್ತು. ಬೆನ್ನು ಮಾತ್ರ ಕಾಣುತ್ತಿತ್ತು, ಯಾವುದೋ ಸಣ್ಣ ಮಗುವಿನ ಬೆನ್ನಿನ ಹಾಗಿತ್ತು. ತಾಯಿ ಹೋದ ದಿನದಿಂದ ಈ ಮಗುವಿನ ಮನೆಗೆ ಎಷ್ಟು ಜನ ಅನ್ನ ಸಾರು ತಂದುಕೊಟ್ಟಿರಬಹುದು, ಎಷ್ಟು ಜನ ಕೈ ಹಿಡಿದು ಕೂತು ಎದ್ದು ಹೋಗಿರಬಹುದು. ಮೂರು ವರ್ಷ ದಿನಾ ಕಣ್ಣೆದುರಿಗಿದ್ದರೂ ನಾನೂ ಹಾಗೇ ಎದ್ದು ಹೋದವಳೇ. ಅವಳು ಕೈ ಎತ್ತಿರಲಿಲ್ಲ, ನಾನು ಕೇಳಿರಲಿಲ್ಲ. ಆ ಕ್ಷಣಕ್ಕೆ ನನಗೆ ಕಟ್ಟಳೆ ಗಿಟ್ಟಳೆ ಯಾವುದೂ ಬೇಡವಾಯಿತು.

"ಏನಾಯ್ತು ಭುವನಾ?" ಅಂತ ಕೇಳಿದೆ.

ಕಿಬ್ಬೊಟ್ಟೆಯೊಳಗೆ ಯಾರೋ ಕತ್ತರಿ ಹಾಕಿ ತಿರುಗಿಸಿದ ಹಾಗಾಯಿತು. ಗೋಡೆ ಹಿಡಿದುಕೊಂಡೆ. ದುಃಖ ಹೀಗೆ ಬರುವುದಿಲ್ಲ, ಇದು ಮೈಯ ನೋವು, ಹಸಿ ನೋವು. ಮಂಚದ ಮೇಲೆ ಕೂತೆ. ಕೂತದ್ದೇ ಎಡ ಹೆಗಲ ತುದಿಗೆ ಇನ್ನೊಂದು ಚುಚ್ಚಿತು, ನನ್ನ ಹೆಗಲು ತಾನೇ ಮೇಲೇರಿತು, ಅವಳ ಹೆಗಲಿನ ಹಾಗೆಯೇ. ಕಣ್ಣು ಕತ್ತಲೆ ಬರುತ್ತಿದ್ದರೂ ನನ್ನೊಳಗಿನ ಮೇಷ್ಟ್ರಮ್ಮ ಎದ್ದು ಕೂತಿದ್ದಳು. ಕಿಬ್ಬೊಟ್ಟೆ, ಹೆಗಲ ತುದಿ. ಒಳಗೆ ರಕ್ತ ಸೋರುತ್ತಿದೆ. ಅಪೆಂಡಿಕ್ಸ್ ಹೀಗೆ ನೋಯುವುದಿಲ್ಲ. ಇಂಥದ್ದನ್ನು ನಾನು ಬೇಕಾದಷ್ಟು ಎತ್ತಿಕೊಂಡಿದ್ದೇನೆ, ಎಲ್ಲವೂ ಹೆಂಗಸರದ್ದು, ಬಸುರಿ ಅಂತ ತಮಗೇ ಇನ್ನೂ ಗೊತ್ತಿಲ್ಲದ ಹೆಂಗಸರದ್ದು.

"ಮೇಡಂ, ಏನು ಬಂತು? ನನ್ನಲ್ಲಿ ಏನಿದೆ ಬರೋಕೆ?" ಭುವನಾ ನನ್ನ ಮುಂದೆ ಮಂಡಿಯೂರಿದ್ದಳು. ಕೋಟು ಕೆಳಗೆ ಬಿದ್ದಿತ್ತು.

"ನಿನಗೆ ಹೊಟ್ಟೇಲಿ ಏನೂ ನೋವಿರಲಿಲ್ವೇನೇ?"

ಅವಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಅಲ್ಲಿ ಏನನ್ನೋ ಹುಡುಕುವವಳ ಹಾಗೆ ನೋಡಿಕೊಂಡಳು. "ಇತ್ತು. ಅವತ್ತು ಅಂಗಳದಲ್ಲಿ ಆಡ್ತಾ ಇದ್ದಾಗ ನಿಧಾನಕ್ಕೆ ಶುರುವಾಯ್ತು. ಅಷ್ಟೊತ್ತಿಗೆ ಅಪ್ಪ ಬಂದು ಅಮ್ಮ ಇಲ್ಲ ಅಂದ್ರು. ಅದಕ್ಕೇ ಹೀಗಾಗ್ತಿದೆ ಅಂದ್ಕೊಂಡೆ. ತಾಯಿ ಇಲ್ಲದೋರಿಗೆಲ್ಲ ಹೀಗೇ ಇರುತ್ತೆ ಅಂದ್ಕೊಂಡಿದ್ದೆ ಮೇಡಂ, ಹಾಗೇ ಅಭ್ಯಾಸ ಆಗೋಯ್ತು." ಆಮೇಲೆ ಬಹಳ ಸಣ್ಣ ದನಿಯಲ್ಲಿ "ಈಗ ಇಲ್ಲ" ಅಂದಳು.

ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು ಹೆಸರು ಹೇಳಿದೆ. "ಅಪೆಂಡಿಕ್ಸ್ ಅಲ್ಲ ಕಣೇ. ಗರ್ಭ ನಿಲ್ಲಬಾರದ ಕಡೆ, ನಾಳದಲ್ಲಿ ನಿಂತು, ನಾಳ ಒಡೆದದ್ದು." ಹೇಳಿ ಮುಗಿಸುವಷ್ಟರಲ್ಲಿ ನನ್ನ ಹೊಟ್ಟೆ ಹಗುರಾಯಿತು, ಹೆಗಲು ಇಳಿಯಿತು. ಅಷ್ಟು ವರ್ಷ ಯಾರೂ ಸರಿಯಾದ ಹೆಸರು ಹೇಳದೆ ಕೂತಿದ್ದ ನೋವು ಎದ್ದು ಹೋಯಿತು. ನಾನು ಉಸಿರು ತಿರುಗಿಸಿಕೊಳ್ಳುತ್ತಾ ಹೇಳಿದೆ, "ಆ ಕಾಯಿಲೆಗೆ ಆ ದಡದಲ್ಲಿ, ದೋಣಿ ಬರೋದರೊಳಗೆ ಯಾರೂ ಏನೂ ಮಾಡೋಕಾಗ್ತಿರಲಿಲ್ಲ. ನಾನಿದ್ದರೂ ಆಗ್ತಿರಲಿಲ್ಲ. ಆದರೆ ನೀನು ಕೇಳಿದೆ, ನಿನಗೆ ಬಂತು. ನಿಮ್ಮಮ್ಮ ಸುಳ್ಳು ಹೇಳಲಿಲ್ಲ ಭುವನಾ. ಅವರಿಗೆ ನಿಜವಾಗಿ ಇಳೀತು. ಇಳಿದೇ ನಕ್ಕರು. ನೀನು ಫುಲ್ ಆಗಿದ್ದೆ, ಅದಕ್ಕೇ ಬೇರೆ ಯಾರದ್ದೂ ಬರಲಿಲ್ಲ."

ಅವಳು ಆಗ ಅತ್ತಳು. ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು, ನಾನೂ ಅತ್ತೆ, ಇದರಲ್ಲಿ ಮುಚ್ಚಿಡುವಂಥದ್ದೇನಿದೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಮುಖ ತೊಳೆದುಕೊಂಡಳು. ಕನ್ನಡಿಯ ಮುಂದೆ ನಿಂತು ಎರಡು ಹೆಗಲನ್ನೂ ನೋಡಿಕೊಂಡಳು, ಎರಡೂ ಒಂದೇ ಸಮನಾಗಿದ್ದವು. ಆಮೇಲೆ ವಾರ್ಡಿನ ಕಡೆಗೆ ನಡೆದಳು. ನಾನು ಹಿಂದೆಯೇ ಹೋದೆ.

ಪಿ.ಟಿ. ಮೇಷ್ಟ್ರು ಸ್ಕ್ಯಾನಿಗೆ ಕಾಯುತ್ತಾ ದಿಂಬು ಕಚ್ಚಿಕೊಂಡಿದ್ದರು, ಸಹಿ ಆಗುವವರೆಗೆ ಪರೀಕ್ಷೆಯ ರೋಗಿಯನ್ನು ಬೇರೆಯವರು ಕೇಳುವಂತಿಲ್ಲ. ಭುವನಾ ಮಂಚದ ಪಕ್ಕ ನಿಂತಳು. "ಏನಾಯ್ತು ಮೇಷ್ಟ್ರೇ?" ಅಂತ ಕೇಳಿದಳು. ಮೂರು ವರ್ಷ ಅಷ್ಟು ಲಕ್ಷಣವಾಗಿ ನರಳಿದವಳು ಈಗ ಮನೆ ಹಾರಿಹೋಗುವ ಹಾಗೆ "ಅಯ್ಯಮ್ಮಾ" ಅಂತ ಕೂಗಿ, ಔಷಧಿ ಟ್ರೇ ಬೀಳಿಸಿ, ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಸಿಸ್ಟರ್ ಫ್ಲೋರಿನ್ ಓಡಿಬಂದರು. ಗುರುಸಿದ್ದಪ್ಪ ಕೈಯಲ್ಲಿ ಅರ್ಧ ಕಪ್ ಟೀ ಹಿಡಿದುಕೊಂಡೇ ಬಂದರು, ನೋಡಿದರು, ಕಪ್ಪನ್ನು ಕಿಟಕಿಯ ಮೇಲಿಟ್ಟು ಜೇಬಿನಲ್ಲಿ ಪೆನ್ನು ಹುಡುಕತೊಡಗಿದರು. ಇಮ್ತಿಯಾಜ್ ಅವಳನ್ನು ಎಬ್ಬಿಸಲು ಹೋದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

ಮೇಷ್ಟ್ರು ಎದ್ದು ಕೂತರು. ಬೆನ್ನು ಮುಟ್ಟಿ ನೋಡಿಕೊಂಡರು, ಮತ್ತೆ ಮುಟ್ಟಿಕೊಂಡರು. ನೆಲದ ಮೇಲಿದ್ದವಳನ್ನು ನೋಡಿ "ಇಳೀತು ಕಣಮ್ಮ" ಅಂದರು.

"ನಿಜವಾಗ್ಲೂ?" ಅಂತ ಕೇಳಿದಳು ಅವಳು.

"ನಿಜವಾಗ್ಲೂ."

ಮೂತ್ರನಾಳದ ಕಲ್ಲು ಅಂತ ಒಂದು ಮಾತು ಹೇಳಿದ್ದರೆ ಅವಳ ನೋವೂ ಇಳಿದುಹೋಗುತ್ತಿತ್ತು, ಆಗಲೇ ಪರೀಕ್ಷೆಯಲ್ಲಿ ಹೇಳಿದ್ದ ಹೆಸರು. ಹೇಳಲಿಲ್ಲ. ಬೆವರಿದ ಮುಖದಲ್ಲಿ ನಗುತ್ತಾ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು.